ಕಾಣದ ಕಮ್ಮಾರನ ದಾರಿಯಲ್ಲಿ

ಆಕ್ಸ್‌ಫರ್ಡ್ ನಗರವನ್ನು ನೋಡಲು ಹೋದ ನಮ್ಮವರು ಅಲ್ಲಿಂದ ಆರೇಳು ಮೈಲಿ ದಕ್ಷಿಣಕ್ಕಿರುವ ಆಬಿಂಗ್ಡನ್ ಎಂಬ ಊರನ್ನು ನೋಡದೆ ಹಿಂತಿರುಗುವುದೇ ಹೆಚ್ಚು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅಲ್ಲಿ ಹೆಸರಾಂತ ವಿದ್ಯಾಪೀಠವಿಲ್ಲ, ಗಗನವನ್ನು ಮುಟ್ಟುವ ಗೋಪುರಗಳಿಲ್ಲ. ಥೇಮ್ಸ್ ನದಿ ಸದ್ದಿಲ್ಲದೆ ಹರಿದುಹೋಗುತ್ತದೆ. ದಡದಲ್ಲಿ ಹಂಸಗಳು ತೇಲುತ್ತವೆ. ಚೌಕದ ನಡುವೆ ಹದಿನೇಳನೆಯ ಶತಮಾನದ ಕೌಂಟಿ ಹಾಲ್ ಎಂಬ ಕಲ್ಲುಕಟ್ಟಡ ನಿಂತಿದೆ. ರಾಜಮನೆತನದಲ್ಲಿ ಶುಭಕಾರ್ಯ ನಡೆದಾಗ ಊರಿನ ಹಿರಿಯರು ಅದರ ಮಾಳಿಗೆಯೇರಿ ಕೆಳಗೆ ನೆರೆದ ಜನರ ತಲೆಯ ಮೇಲೆ ಬನ್ನುಗಳನ್ನು ಎಸೆಯುವ ಸಂಪ್ರದಾಯವುಂಟು. ನಮ್ಮ ತೇರಿನ ಮೇಲೆ ಬಾಳೆಹಣ್ಣು ಎಸೆಯುವುದನ್ನು ಕಂಡ ನನಗೆ ಇದರಲ್ಲಿ ವಿಚಿತ್ರವೇನೂ ತೋರಲಿಲ್ಲ. ಎಸೆಯುವ ದಿಕ್ಕು ಮಾತ್ರ ತಿರುಗಿದೆ.

ಆದರೆ ಮೋಟಾರಿನ ಹುಚ್ಚು ಹಿಡಿದವರಿಗೆ ಆಬಿಂಗ್ಡನ್ ಒಂದು ಕ್ಷೇತ್ರವೇ ಸರಿ. 'ಎಂ.ಜಿ.' ಎಂದೊಡನೆ ಬೆಂಗಳೂರಿನವರಿಗೆ ರಸ್ತೆಯೊಂದರ ನೆನಪಾಗುವುದು ಸಹಜ. ಆ ಊರಿನವರಿಗೆ ಅದು 'ಮಾರಿಸ್ ಗ್ಯಾರೇಜಸ್' ಎಂಬುದರ ಮೊದಲಕ್ಷರಗಳು. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಸ್ಥಾಪಿಸಿದ್ದ ಆ ವ್ಯಾಪಾರಕ್ಕೆ 1922ರಲ್ಲಿ ಮ್ಯಾನೇಜರಾದ ಸೆಸಿಲ್ ಕಿಂಬರ್ ಎಂಬಾತನು ಸಾಧಾರಣ ಮಾರಿಸ್ ಕಾರುಗಳಿಗೆ ಹಗುರವಾದ, ಚೆಲುವಾದ ಮೈಗಳನ್ನು ತೊಡಿಸಿ ಮಾರತೊಡಗಿದನು. ಅದರಿಂದ ಹುಟ್ಟಿದ ಸ್ಪೋರ್ಟ್ಸ್ ಕಾರುಗಳಿಗೆ ಬೇಡಿಕೆ ಹೆಚ್ಚಿ, 1929ರಲ್ಲಿ ಕಾರ್ಖಾನೆಯು ಆಬಿಂಗ್ಡನ್ನಿನ ಹಳೆಯ ಚರ್ಮದ ಕಾರ್ಖಾನೆಯ ಕಟ್ಟಡಗಳಿಗೆ ಬಂದಿತು. ಅಲ್ಲಿಂದ 1980ರ ಅಕ್ಟೋಬರಿನವರೆಗೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಕಾರುಗಳು ಆ ಬಾಗಿಲಿನಿಂದ ಹೊರಬಿದ್ದವು. ಅವುಗಳಲ್ಲಿ 1962ರಲ್ಲಿ ಬಂದ 'ಎಂಜಿಬಿ' ಮತ್ತು ಅದರ ಒಡಹುಟ್ಟುಗಳೇ ಐದು ಲಕ್ಷವನ್ನು ಮೀರಿದವು. ಇಷ್ಟಾದರೂ ಅಲ್ಲಿ ಕಾರುಗಳನ್ನು ಯಂತ್ರದ ಪಟ್ಟಿಯ ಮೇಲೆ ಸಾಗಿಸುತ್ತಿರಲಿಲ್ಲ. ಒಂದು ಹಂತದ ಕೆಲಸ ಮುಗಿದೊಡನೆ ಮುಂದಿನ ಹಂತಕ್ಕೆ ಕೆಲಸಗಾರರೇ ಕೈಯಿಂದ ತಳ್ಳಿಕೊಂಡು ಹೋಗುತ್ತಿದ್ದರು. ಇಂದು ಆ ಹೆಸರು ಚೀನಾ ದೇಶದ ಸಂಸ್ಥೆಯೊಂದರ ವಶದಲ್ಲಿದೆ.

2024ರ ಮೇ ತಿಂಗಳಲ್ಲಿ ನಾನು ಆಬಿಂಗ್ಡನ್ನಿನಲ್ಲಿ ಮೂರು ವಾರ ಇದ್ದೆ. ನನ್ನ ಅಕ್ಕನ ಮಗ ಅಲ್ಲಿ ಮನೆ ಮಾಡಿಕೊಂಡು ಆಕ್ಸ್‌ಫರ್ಡಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾನೆ. ಪಕ್ಕದ ಮನೆಯಲ್ಲಿ ಎಂಬತ್ತಮೂರು ವರ್ಷದ ಒಬ್ಬ ಹಿರಿಯರಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿ ಆ ಕಾರ್ಖಾನೆಯನ್ನು ಸೇರಿ, ಅದು ಮುಚ್ಚಿದ ದಿನದವರೆಗೂ ಅಲ್ಲಿಯೇ ದುಡಿದವರು. ಅವರ ಗ್ಯಾರೇಜಿನಲ್ಲಿ 1969ರ ಒಂದು ಹಸಿರು ಎಂಜಿಬಿ ಇತ್ತು. "ಮಾವ, ಅವರೊಡನೆ ಮಾತಿಗೆ ಕುಳಿತರೆ ಊಟದ ಹೊತ್ತು ತಪ್ಪುತ್ತದೆ, ಜೋಕೆ" ಎಂದು ಹುಡುಗನು ಮೊದಲ ದಿನವೇ ಎಚ್ಚರಿಸಿದ್ದ. ತಪ್ಪಿತು; ಒಂದು ದಿನವಲ್ಲ, ಅನೇಕ ದಿನ.

ಹಿರಿಯರ ಬೆರಳುಗಳು ವಾತದಿಂದ ಸೊಟ್ಟಗಾಗಿದ್ದವು. ಕಿವಿಯೂ ಅಷ್ಟಕ್ಕಷ್ಟೆ. ಒಂದು ಬೆಳಗ್ಗೆ ಅವರು ನನ್ನ ಕೈಗೆ ಒಂದು ಮೊಳ ರಬ್ಬರು ನಳಿಕೆಯನ್ನು ಕೊಟ್ಟು, ಬಾನೆಟ್ಟನ್ನು ಎತ್ತಿ, "ಒಂದು ತುದಿಯನ್ನು ಕಿವಿಗೆ ಇಟ್ಟುಕೊಳ್ಳಿ, ಇನ್ನೊಂದನ್ನು ಈ ಬಾಯಿಗೆ ಹಿಡಿಯಿರಿ" ಎಂದರು. ಆ ಎಂಜಿನ್ನಿಗೆ ಎರಡು ಕಾರ್ಬುರೇಟರುಗಳು. ಎರಡೂ ಸಮನಾಗಿ ಗಾಳಿಯನ್ನೆಳೆದರೆ ಎಂಜಿನ್ ನಯವಾಗಿ ನಡೆಯುತ್ತದೆ. ಒಂದು ಹೆಚ್ಚು, ಒಂದು ಕಡಿಮೆ ಎಳೆದರೆ ಕುಂಟುತ್ತದೆ. ನಳಿಕೆಯಲ್ಲಿ ಬುಸ್ ಎಂಬ ಸದ್ದು ಕೇಳಿಸಿತು. ಎರಡನೆಯದರಲ್ಲಿ ಅದೇ ಸದ್ದು ಒಂದಿಷ್ಟು ಮೇಲಿತ್ತು. ನನಗೆ ಸಂಗೀತ ಬರುವುದಿಲ್ಲ; ಆದರೆ ತಂಬೂರಿ ಶ್ರುತಿಗೂಡಿದೆಯೇ ಇಲ್ಲವೇ ಎಂದು ತಿಳಿಯುವಷ್ಟು ಕಿವಿಯನ್ನು ದೇವರು ಕೊಟ್ಟಿದ್ದಾನೆ. ಹೇಳಿದೆ. ಅವರು ಸೂಚಿಸಿದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಎರಡೂ ಒಂದಾದವು. ಎಂಜಿನ್ನಿನ ನಡುಕ ಇಳಿದುದನ್ನು ಅವರು ಅಂಗೈಯನ್ನು ಅದರ ಮೇಲಿಟ್ಟು ಅರಿತುಕೊಂಡರು.

ಇನ್ನೊಂದು ಮಾತು ಹೇಳಬೇಕು. ಆ ಎಂಜಿನ್ನಿನ ದನಿ ನನಗೆ ಎಲ್ಲಿಯೋ ಕೇಳಿದಂತೆ ತೋರುತ್ತಿತ್ತು. ಕೊನೆಗೆ ಅವರೇ ಬಿಡಿಸಿ ಹೇಳಿದರು. ನಮ್ಮ ದೇಶದ ಟ್ಯಾಕ್ಸಿ ನಿಲ್ದಾಣಗಳನ್ನೆಲ್ಲ ಆಳಿದ ಅಂಬಾಸಡರ್ ಕಾರಿಗೆ 1959ರಿಂದ ಬಹುಕಾಲ ಹಾಕುತ್ತಿದ್ದ 1489 ಸಿ.ಸಿ.ಯ ಎಂಜಿನ್ನೂ, ಈ ಕಾರಿನ 1798 ಸಿ.ಸಿ.ಯ ಎಂಜಿನ್ನೂ ಒಂದೇ ವಂಶದವು. ಇಂಗ್ಲೆಂಡಿನ 'ಬಿ' ಸರಣಿಯ ಮಕ್ಕಳು. ಮೈಸೂರಿನಿಂದ ಮದುವೆಯ ದಿಬ್ಬಣಕ್ಕೆ ಎಂಟು ಜನರನ್ನು ತುರುಕಿಕೊಂಡು ಹೋದ ದೊಡ್ಡಣ್ಣನಿಗೂ, ಇಬ್ಬರನ್ನು ಮಾತ್ರ ಕೂರಿಸಿಕೊಂಡು ಬಿಂಕದಿಂದ ಓಡುವ ಈ ತಮ್ಮನಿಗೂ ಗಂಟಲು ಒಂದೇ.

ಆ ಶನಿವಾರ ಅವರು, "ಬಿಳಿಯ ಕುದುರೆಯ ಬೆಟ್ಟಕ್ಕೆ ಹೋಗೋಣ" ಎಂದರು. ಹದಿನೆಂಟು ಮೈಲಿಯ ದಾರಿ. ಇನ್ನು ಸ್ವಲ್ಪ ದಿನಗಳಲ್ಲಿ ಚಾಲನೆಯ ಪರವಾನಗಿಯನ್ನು ತಾವಾಗಿಯೇ ಹಿಂದಿರುಗಿಸುವೆನೆಂದು ಹೇಳಿದ್ದರು. ಕಾರಿನ ಗತಿಯೇನು ಎಂದು ಕೇಳಿದ್ದಕ್ಕೆ, "ಕೊಳ್ಳುವವನೊಬ್ಬನು ಬಂದು ನೋಡಿಕೊಂಡು ಹೋಗಿದ್ದಾನೆ, ಸೋಮವಾರ ಉತ್ತರ ಹೇಳಬೇಕು" ಎಂದು ಮಾತು ಬದಲಿಸಿದ್ದರು.

ಹೊರಡುವ ಮುನ್ನ ಒಂದು ಶಾಸ್ತ್ರ ನಡೆಯಿತು. ಕಾರ್ಬುರೇಟರುಗಳ ನೆತ್ತಿಯ ಮುಚ್ಚಳವನ್ನು ತೆಗೆದು ಒಳಗಿನ ತೆಳು ಎಣ್ಣೆಯನ್ನು ನೋಡಬೇಕು. ಅದು ಬತ್ತಿದ್ದರೆ ವೇಗವನ್ನು ಹೆಚ್ಚಿಸಿದಾಗ ಎಂಜಿನ್ ಮುಗ್ಗರಿಸುತ್ತದೆ. ತಣ್ಣಗಿರುವಾಗಲೇ ರೇಡಿಯೇಟರಿನ ನೀರನ್ನು ಪರೀಕ್ಷಿಸಬೇಕು. ಕಾದ ಮೇಲೆ ಮುಚ್ಚಳವನ್ನು ತೆಗೆದವರು ಮುಖ ಸುಟ್ಟುಕೊಂಡಿದ್ದಾರೆ. ಮುಂಚಕ್ರಗಳ ಕಿಂಗ್‌ಪಿನ್ನುಗಳಿಗೆ ಮೂರು ಸಾವಿರ ಮೈಲಿಗೊಮ್ಮೆ ಗ್ರೀಸನ್ನು ಒತ್ತದಿದ್ದರೆ ಅವು ಸವೆದು ಸ್ಟಿಯರಿಂಗು ಬಿಗಿಯುತ್ತದೆ. ಬ್ಯಾಟರಿಯ ಮಾತು ಇನ್ನೂ ಸ್ವಾರಸ್ಯ: ಆ ಕಾಲದ ಎಂಜಿಬಿಗೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳು, ಅದೂ ಆಸನಗಳ ಹಿಂದೆ ನೆಲದ ಕೆಳಗೆ. ಕಣ್ಣಿಗೆ ಬೀಳದುದನ್ನು ಯಾರು ಆರೈಕೆ ಮಾಡುತ್ತಾರೆ? ನೆಲಮಾಳಿಗೆಯ ಅತ್ತೆಯಂತೆ ಅವು ಮುನಿಸಿಕೊಂಡಾಗಲೇ ಮನೆಯವರಿಗೆ ನೆನಪಾಗುವುದು. 1967ರ ಹಿಂದಿನ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಸೇರಿಸುತ್ತಿದ್ದರು, ಆಮೇಲಿನವುಗಳಲ್ಲಿ ಋಣ ತುದಿಯನ್ನು. ಇದನ್ನು ತಿಳಿಯದೆ ಹಿಂದುಮುಂದಾಗಿ ಜೋಡಿಸಿ ಆಲ್ಟರ್ನೇಟರನ್ನು ಸುಟ್ಟವರು ಅನೇಕರು.

ವಾಂಟೇಜ್ ಪಟ್ಟಣದ ಚೌಕದಲ್ಲಿ ಆಲ್ಫ್ರೆಡ್ ದೊರೆಯ ಪ್ರತಿಮೆಯನ್ನು ಬಳಸಿ ಪಶ್ಚಿಮಕ್ಕೆ ತಿರುಗಿದೆವು. ಎಡಗಡೆ ಸುಣ್ಣಕಲ್ಲಿನ ಬೋಳುಬೆಟ್ಟಗಳ ಸಾಲು. ಬಲಗಡೆ ಕೆಳಗೆ ಹಸಿರು ಹರವಿದ ಕಣಿವೆ. ಬೇಲಿಗಳ ತುಂಬ ಬಿಳಿಯ ಹೂ. ಮುಚ್ಚಿಗೆಯನ್ನು ಮಡಚಿದ್ದೆವು. ಹಿರಿಯರ ಬೆರಳುಗಳು ಸ್ಟಿಯರಿಂಗಿನ ಮೇಲೆ ಕುಳಿತೊಡನೆ ಅವುಗಳ ಸೊಟ್ಟತನವೇ ಕಾಣದಾಯಿತು. ಬೆಟ್ಟದ ಏರು ಮೊದಲಾಗುವಲ್ಲಿ ಕಾರು ಒಮ್ಮೆ ಕೆಮ್ಮಿತು. ಮತ್ತೆರಡು ಬಾರಿ ಕೆಮ್ಮಿತು. ರಸ್ತೆಯಂಚಿನ ಹುಲ್ಲಿನ ಮೇಲೆ ಉರುಳಿ ನಿಂತುಬಿಟ್ಟಿತು.

ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಬೇಲಿಯಾಚೆ ಕುರಿಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ನನ್ನ ಜೇಬಿನ ಫೋನು ನೆನಪಾಗಿ ಕೈಹಾಕಿದೆ. ಅವರು ಬೇಡವೆಂದು ಸನ್ನೆ ಮಾಡಿದರು.

"ಕಾರು ನಿಂತರೆ ಕಾರಣಗಳು ನೂರು ಎಂದು ಜನ ಹೆದರುತ್ತಾರೆ. ಇರುವುದು ಎರಡೇ. ಒಂದೋ ಪೆಟ್ರೋಲಿಲ್ಲ, ಇಲ್ಲವೇ ಕಿಡಿಯಿಲ್ಲ. ಯಾವುದೆಂದು ನಿಶ್ಚಯವಾಗುವವರೆಗೆ ಯಾವ ತಿರುಪನ್ನೂ ಮುಟ್ಟಬಾರದು. ಈಗ ನಾನು ಬೀಗದ ಕೈಯನ್ನು ಒಂದು ಸುತ್ತು ತಿರುಗಿಸುತ್ತೇನೆ. ಹಿಂದಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆಯೇ, ನಿಮ್ಮ ಕಿವಿಯಿಂದ ಕೇಳಿ ಹೇಳಿ."

ಉಸಿರು ಹಿಡಿದು ಕೇಳಿದೆ. ಬಾನಾಡಿಯೊಂದರ ಹಾಡು ಕೇಳಿಸಿತು. ಟಿಕ್ ಎಂಬುದು ಕೇಳಿಸಲಿಲ್ಲ.

ಆ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನಿಂದ ನಡೆಯುವಂಥದು. ಬಲಗಡೆಯ ಹಿಂಚಕ್ರದ ಮುಂದೆ, ಮೈಯ ಅಡಿಯಲ್ಲಿ ಅದರ ವಾಸ. ಒಳಗಿನ ಅಯಸ್ಕಾಂತವು ತೆಳುವಾದ ಒಂದು ಪೊರೆಯನ್ನು ಎಳೆಯುತ್ತದೆ. ಎಳೆದೊಡನೆ ಸಂಪರ್ಕ ಕಡಿದು ಪೊರೆ ಹಿಂದಕ್ಕೆ ಚಿಮ್ಮುತ್ತದೆ. ಮತ್ತೆ ಸಂಪರ್ಕ, ಮತ್ತೆ ಎಳೆತ. ಅದರ ಈ ನಾಡಿಬಡಿತವೇ ಟಿಕ್ ಟಿಕ್. ವರ್ಷಗಳು ಕಳೆದಂತೆ ಸಂಪರ್ಕದ ಬಿಂದುಗಳು ಕಪ್ಪಾಗಿ ಅಂಟಿಕೊಳ್ಳುವುದುಂಟು. ಆಗ ಪಂಪಿನ ನೆತ್ತಿಯ ಮೇಲೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲನೆ ಒಂದು ಏಟು ಕೊಡುವುದು ಈ ಕಾರಿನವರೆಲ್ಲರೂ ಬಲ್ಲ ಮನೆಮದ್ದು. ನಾನು ಚಕ್ರಗಳಿಗೆ ಕಲ್ಲನ್ನು ಒತ್ತುಕೊಟ್ಟು, ಕೋಟನ್ನು ಕಳಚಿ, ಹುಲ್ಲಿನ ಮೇಲೆ ಮಲಗಿ ತೋಳು ಚಾಚಿದೆ. ಒಂದು ಏಟು. ಮತ್ತೊಂದು. ಪಂಪು ಮೌನವ್ರತವನ್ನು ಬಿಡಲಿಲ್ಲ.

"ಪಂಪು ಸತ್ತಿದೆ, ಬೇರೆ ತರಬೇಕು" ಎಂದೆ, ಬಹಳ ಬಲ್ಲವನಂತೆ.

ಹಿರಿಯರು ನಕ್ಕರು. "ಕಾರ್ಖಾನೆಗೆ ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ಅನ್ನುತ್ತಿದ್ದೆ. ಊಟ ಬಡಿಸದೆ ಮನುಷ್ಯನನ್ನು ಸೋಮಾರಿ ಎನ್ನಬಹುದೇ? ಅದಕ್ಕೆ ವಿದ್ಯುತ್ತು ಬರುತ್ತಿದೆಯೇ ಎಂದು ಮೊದಲು ಕೇಳಿ. ಬಂದದ್ದು ಹಿಂತಿರುಗಿ ಹೋಗುತ್ತಿದೆಯೇ ಎಂದು ಆಮೇಲೆ ಕೇಳಿ."

ಕೇಳುವ ವಿಧಾನವನ್ನೂ ಹೇಳಿಕೊಟ್ಟರು. ಆಗಿನ ಇಂಗ್ಲೆಂಡಿನ ಕಾರುಗಳಲ್ಲಿ ತಂತಿಯ ಬಣ್ಣವೇ ಅದರ ಜಾತಕ. ಕಂದುಬಣ್ಣದ್ದು ಬ್ಯಾಟರಿಯಿಂದ ನೇರವಾಗಿ ಬರುವುದು, ಸದಾ ಜೀವಂತ. ಬಿಳಿಯದು ಬೀಗದ ಕೈ ತಿರುಗಿಸಿದಾಗ ಮಾತ್ರ ಎಚ್ಚರಗೊಳ್ಳುವುದು. ಹಸಿರು ಅದರಿಂದಲೇ ಫ್ಯೂಸನ್ನು ದಾಟಿ ಬಂದದ್ದು. ನೀಲಿ ಮುಂದಿನ ದೊಡ್ಡ ದೀಪಗಳಿಗೆ, ಕೆಂಪು ಹಿಂದಿನ ದೀಪಗಳಿಗೆ. ಕಪ್ಪು ಎಲ್ಲರೂ ಕೊನೆಗೆ ಸೇರುವ ದಾರಿ; ವಿದ್ಯುತ್ತನ್ನು ಕಾರಿನ ಮೈಗೆ ಮರಳಿಸುವುದು. ನಮ್ಮ ಮೆಕ್ಯಾನಿಕ್ಕರ ಬಾಯಲ್ಲಿ ಅದೇ 'ಅರ್ತು'. ಇಷ್ಟನ್ನು ತಿಳಿದವನಿಗೆ ತಂತಿಗಳ ಆ ಸಿಕ್ಕು ಒಂದು ಊರಿನ ನಕ್ಷೆಯಂತೆ ಬಿಡಿಸಿಕೊಳ್ಳುತ್ತದೆ.

ಡಿಕ್ಕಿಯಲ್ಲಿದ್ದ ಬಟ್ಟೆಯ ಚೀಲದಿಂದ ಅವರು ಎರಡು ತಂತಿ ಕಟ್ಟಿದ ಪುಟ್ಟ ಬಲ್ಬೊಂದನ್ನು ಕೊಟ್ಟರು. ಒಂದು ತುದಿಯನ್ನು ಕಾರಿನ ಮೈಯ ಬರಿಯ ಲೋಹಕ್ಕೆ ತಾಕಿಸಿ, ಇನ್ನೊಂದನ್ನು ಪಂಪಿನ ಬಿಳಿಯ ತಂತಿಯ ತುದಿಗೆ ಹಿಡಿದೆ. ಬಲ್ಬು ಝಗ್ಗನೆ ಹೊತ್ತಿತು. ಅಂದರೆ ಊಟ ಎಲೆಯವರೆಗೆ ಬಂದಿದೆ. ಬಳಿಕ ಎರಡು ಕಡೆ ಚಿಮಟವಿದ್ದ ಉದ್ದನೆಯ ತಂತಿ ಬಂದಿತು. "ಪಂಪಿನ ಕಪ್ಪು ತಂತಿಗೆ ಒಂದು ಕಡೆ ಕಚ್ಚಿಸಿ, ಇನ್ನೊಂದನ್ನು ಈಗ ಬಲ್ಬು ಹೊತ್ತಿದ ಜಾಗದ ಬರಿಯ ಲೋಹಕ್ಕೆ." ಕಚ್ಚಿಸಿದೆನೋ ಇಲ್ಲವೋ, ಪಂಪು ಟಕಟಕಟಕ ಎಂದು ಬಡಿದುಕೊಂಡು, ಪೆಟ್ರೋಲು ತುಂಬಿದಂತೆ ನಿಧಾನವಾಗಿ, ಕೊನೆಗೆ ಒಂದೊಂದೇ ಟಿಕ್ ಎನ್ನುತ್ತ ಶಾಂತವಾಯಿತು. ಆ ಸದ್ದನ್ನು ಕೇಳಿ ನನಗಾದ ಸಂತೋಷವನ್ನು ಬರೆದರೆ ವಾಚಕರು ನಗುವರು, ಬರೆಯುವುದಿಲ್ಲ.

ಪಂಪು ಸರಿಯಾಗಿದೆ, ವಿದ್ಯುತ್ತು ಸರಿಯಾಗಿದೆ. ಕಪ್ಪು ತಂತಿ ಮೈಯನ್ನು ಸೇರುವ ಕಡೆ ದಾರಿ ಕಟ್ಟಿದೆ. ಅವರ ಅಪ್ಪಣೆಯಂತೆ ಬೀಗದ ಕೈಯನ್ನು ಹಿಂದಕ್ಕೆ ತಿರುಗಿಸಿ, ಚಿಮಟಗಳನ್ನು ಬಿಡಿಸಿ, ಆ ತಿರುಪನ್ನು ಬಿಚ್ಚಿದೆ. ತಂತಿಯ ಬಳೆಯ ಕೆಳಗೆ ಹೊಳೆಯುವ ಕಪ್ಪು ಬಣ್ಣದ ದಪ್ಪ ಪದರ! ಹೇಳಿದೊಡನೆ ಹಿರಿಯರು ಹಣೆಯನ್ನು ಚಚ್ಚಿಕೊಂಡರು. ಹದಿನೈದು ದಿನಗಳ ಹಿಂದೆ ತುಕ್ಕು ಹಿಡಿಯದಿರಲೆಂದು ಕಾರಿನ ತಳಕ್ಕೆ ಬಣ್ಣ ಬಳಿದವರು ಅವರೇ. ತಿರುಪನ್ನು ಬಿಚ್ಚಿ ಬಳಿದು, ಬಣ್ಣ ಆರುವ ಮುನ್ನವೇ ತಂತಿಯನ್ನು ಅದರ ಮೇಲೆ ಬಿಗಿದಿದ್ದರು. ತಿರುಪಿನ ಎಳೆಗಳ ಆಸರೆಯಿಂದ ಇಷ್ಟು ದಿನ ಹೇಗೋ ನಡೆದದ್ದು ಏರಿನ ಕುಲುಕಾಟಕ್ಕೆ ಕೈಕೊಟ್ಟಿತು. "ಅರುವತ್ತೈದು ವರ್ಷ ಈ ಕೆಲಸದಲ್ಲಿ ಪಳಗಿದವನು! ನನ್ನ ಮೇಸ್ತ್ರಿ ಬದುಕಿದ್ದರೆ ಅರ್ಧ ದಿನದ ಕೂಲಿ ಕತ್ತರಿಸುತ್ತಿದ್ದ" ಎಂದರು. ಉಪ್ಪುಕಾಗದದಿಂದ ಲೋಹ ಬೆಳ್ಳಗಾಗುವವರೆಗೆ ಉಜ್ಜಿ, ತಂತಿಯನ್ನು ಬಿಗಿದು, ಮೇಲೆ ಒಂದಿಷ್ಟು ಗ್ರೀಸನ್ನು ಸವರಿದೆ. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ನಲವತ್ತು ನಿಮಿಷ ಹಿಡಿದಿತ್ತು. ಬಲ್ಲವನಿಗೆ ಹತ್ತು ನಿಮಿಷದ ಕೆಲಸ.

ಕಿಡಿಯ ಕಡೆ ತೊಂದರೆಯಿದ್ದಿದ್ದರೆ? ಏರನ್ನು ಹತ್ತುತ್ತ ಅದನ್ನೂ ಹೇಳಿದರು. ಆಗ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಪಾಯಿಂಟುಗಳ ನಡುವಣ ಸಂದನ್ನು ನೋಡಬೇಕು. ಒಂದು ಅಂಗುಲದ ಸಾವಿರದಲ್ಲಿ ಹದಿನೈದು ಪಾಲು ಇರಬೇಕಾದ್ದು ಸವೆದು ಮುಚ್ಚಿಕೊಂಡಿರುತ್ತದೆ. ತಣ್ಣಗಿರುವಾಗ ಚೆನ್ನಾಗಿ ಓಡಿ, ಕಾದೊಡನೆ ಎಡವುವ ಎಂಜಿನ್ನಿನಲ್ಲಿ ಕಂಡೆನ್ಸರಿನ ಮೇಲೆ ಸಂಶಯಪಡಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ನಾಲ್ಕನ್ನು ಒಟ್ಟಿಗೆ ತಿರುಗಿಸಿದವನಿಗೆ ಕಾರು ಸರಿಹೋದರೂ ಏಕೆಂದು ತಿಳಿಯದು. ಕೆಟ್ಟರಂತೂ ಕೇಳುವುದೇ ಬೇಡ.

ಅಫಿಂಗ್ಟನ್ನಿನ ಬಿಳಿಯ ಕುದುರೆಯನ್ನು ಹತ್ತಿರದಿಂದ ನೋಡಿದರೆ ಕುದುರೆಯೇ ಕಾಣುವುದಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಬಿಳಿಯ ಸುಣ್ಣಕಲ್ಲಿನ ಪಟ್ಟೆಗಳು ಅತ್ತಿತ್ತ ಬಳುಕಿರುತ್ತವೆ. ದೂರದ ಕಣಿವೆಯಿಂದ ನೋಡಿದವರಿಗೆ ಸುಮಾರು 360 ಅಡಿ ಉದ್ದದ ಓಡುವ ಕುದುರೆ. ಮಣ್ಣನ್ನು ಪರೀಕ್ಷಿಸಿದ ಪುರಾತತ್ತ್ವಜ್ಞರು 1990ರ ದಶಕದಲ್ಲಿ ಅದಕ್ಕೆ ಸುಮಾರು ಮೂರು ಸಾವಿರ ವರ್ಷದ ಪ್ರಾಯವನ್ನು ಕಟ್ಟಿದರು. ನನ್ನನ್ನು ಬೆರಗುಗೊಳಿಸಿದ್ದು ಪ್ರಾಯವಲ್ಲ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹುಲ್ಲು ಬೆಳೆದು ಕುದುರೆ ಮುಚ್ಚಿಹೋಗುತ್ತದೆ. ಆದ್ದರಿಂದ ಸುತ್ತಣ ಹಳ್ಳಿಯವರು ತಲೆಮಾರಿನಿಂದ ತಲೆಮಾರಿಗೆ ಅದರ ಕಳೆಯನ್ನು ಕಿತ್ತು ಬಿಳುಪನ್ನು ಕಾಯ್ದುಕೊಂಡು ಬಂದಿದ್ದಾರೆ. ಈಗಲೂ ಸ್ವಯಂಸೇವಕರು ಮಂಡಿಯೂರಿ ಕುಳಿತು, ಹೊಸ ಸುಣ್ಣಕಲ್ಲನ್ನು ಸುರಿದು ಸುತ್ತಿಗೆಯಿಂದ ಕುಟ್ಟುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳಿಗೆ ಗುರುತಾಗದಿರಲೆಂದು ಹುಲ್ಲು ಮುಚ್ಚಿ, ಯುದ್ಧಾನಂತರ ಮತ್ತೆ ತೆರೆದರಂತೆ. ಹಿರಿಯರು ಊರುಗೋಲನ್ನು ಪಶ್ಚಿಮಕ್ಕೆ ಚಾಚಿ ಸ್ವಿಂಡನ್ ಊರಿನ ದಿಕ್ಕನ್ನು ತೋರಿಸಿದರು. "ಮೈ ಅಲ್ಲಿಂದ ಬರುತ್ತಿತ್ತು, ಎಂಜಿನ್ ಕವೆಂಟ್ರಿಯಿಂದ. ಜೀವ ತುಂಬುವುದು ನಮ್ಮ ಕೆಲಸ" ಎಂದರು. 1979ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಐವತ್ತನೆಯ ವರ್ಷದ ಉತ್ಸವವನ್ನು ಊರೆಲ್ಲ ಆಚರಿಸಿದ ಬೆನ್ನಿಗೇ ಮುಚ್ಚುವ ಸುದ್ದಿ ಬಂದುದನ್ನು ಕುರಿತು ಒಂದೇ ಮಾತಿನಲ್ಲಿ ಹೇಳಿ ಸುಮ್ಮನಾದರು.

ಅಲ್ಲಿಂದ ಬೆಟ್ಟದ ನೆತ್ತಿಯ ಪ್ರಾಚೀನ ಕಾಲುದಾರಿಯಲ್ಲಿ ಸುಮಾರು ಒಂದೂವರೆ ಮೈಲಿ ನಡೆದರೆ ಬೀಚ್ ಮರಗಳ ನೆರಳಿನಲ್ಲಿ ಒಂದು ಶಿಲಾಸಮಾಧಿಯಿದೆ. ಐದು ಸಾವಿರ ವರ್ಷಕ್ಕೂ ಹಳೆಯದು. ಜನ ಅದನ್ನು 'ವೇಲೆಂಡನ ಕುಲುಮೆ' ಎನ್ನುತ್ತಾರೆ. ದಾರಿಯಲ್ಲಿ ಕುದುರೆಯ ಲಾಳ ಕಳಚಿದರೆ, ಅದನ್ನು ಅಲ್ಲಿ ಕಟ್ಟಿ, ಕಲ್ಲಿನ ಮೇಲೆ ಒಂದು ನಾಣ್ಯವನ್ನಿಟ್ಟು ದೂರ ಹೋಗಬೇಕು. ಮರಳಿ ಬರುವಾಗ ನಾಣ್ಯ ಮಾಯವಾಗಿ ಕುದುರೆಗೆ ಹೊಸ ಲಾಳ ಬಿದ್ದಿರುತ್ತದೆ. ಕಮ್ಮಾರ ಮಾತ್ರ ಯಾರ ಕಣ್ಣಿಗೂ ಬೀಳನು. ಹಿರಿಯರಿಗೆ ಅಷ್ಟು ದೂರ ನಡೆಯಲಾಗದು. ನನ್ನ ಕೈಗೆ ಒಂದು ಪೆನ್ನಿಯನ್ನು ಕೊಟ್ಟು, "ಇವತ್ತಿನ ಕೂಲಿ, ಕೊಟ್ಟು ಬನ್ನಿ" ಎಂದರು. ಹೋದೆ, ತಣ್ಣನೆಯ ಹೆಬ್ಬಂಡೆಗಳನ್ನು ಮುಟ್ಟಿದೆ. ಬಿರುಕುಗಳಲ್ಲಿ ನಾಣ್ಯ ಸಿಕ್ಕಿಸುವುದು ಕಲ್ಲಿಗೆ ಒಳ್ಳೆಯದಲ್ಲವೆಂದು ತೋರಿ ಹಾಗೆಯೇ ಹಿಂದಕ್ಕೆ ತಂದೆ. "ಹಾಗಾದರೆ ಅದು ನಿಮ್ಮದೇ" ಎಂದರು.

ಮನೆಗೆ ಬಂದ ಮೇಲೆ ನಿಜ ಸಂಗತಿ ಹೊರಬಿತ್ತು. ಅವರ ಮೊಮ್ಮಗಳು ಸ್ಕಾಟ್ಲೆಂಡಿನಲ್ಲಿ ಶಾಲೆಯ ಉಪಾಧ್ಯಾಯಿನಿ. ಕಾರನ್ನು ತನಗೆ ಕೊಡಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದಾಳೆ. ಸ್ಪ್ಯಾನರನ್ನು ಹಿಡಿದವಳಲ್ಲ, ನಡುದಾರಿಯಲ್ಲಿ ನಿಂತರೆ ಏನು ಮಾಡುವಳೆಂಬ ಭಯದಿಂದ ಅಜ್ಜ ಒಪ್ಪಿರಲಿಲ್ಲ. "ಏನೂ ಅರಿಯದ ಒಬ್ಬರು ನನ್ನ ಬಾಯಿಮಾತಿನಿಂದಲೇ ಸರಿಮಾಡಬಲ್ಲರೇ ಎಂದು ನೋಡಬೇಕಿತ್ತು. ನಿಮಗೆ ಸಾಧ್ಯವಾದದ್ದು ಅವಳಿಗೆ ದೂರವಾಣಿಯಲ್ಲಿ ಸಾಧ್ಯವಾಗದೇ?" ಎಂದರು. ನನ್ನ ಅಜ್ಞಾನಕ್ಕೆ ಇಷ್ಟು ಬೆಲೆ ಬಂದುದು ಜೀವನದಲ್ಲಿ ಅದೇ ಮೊದಲು.

1969ರಿಂದ ಕಾರಿನ ಪ್ರತಿಯೊಂದು ದುರಸ್ತಿಯನ್ನೂ ಬರೆದಿಟ್ಟ ದಪ್ಪ ಪುಸ್ತಕವೊಂದು ಗ್ಯಾರೇಜಿನ ಗೂಡಿನಲ್ಲಿತ್ತು. ತಾರೀಖು, ಮೈಲಿ, ದೋಷ, ಕಾರಣ, ಮಾಡಿದವರ ರುಜು. ಅಂದಿನ ಸಾಲಿನಲ್ಲಿ ಅವರು ನಡುಗುವ ಕೈಯಿಂದ 'ಕಾರಣ: ಮಾಲೀಕನ ಬಣ್ಣ' ಎಂದು ಬರೆದು, ಲೇಖನಿಯನ್ನು ನನಗೆ ಕೊಟ್ಟರು. ಐವತ್ತೈದು ವರ್ಷದಲ್ಲಿ ಬೇರೆಯವರ ಕೈ ಬಿದ್ದಿರದ ಆ ಕೊನೆಯ ಅಂಕಣದಲ್ಲಿ ನಾನು ಕನ್ನಡದಲ್ಲಿ ರುಜು ಹಾಕಿದೆ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು; ಆಮೇಲೆ ಮೊಮ್ಮಗಳಿಗೆ ದೂರವಾಣಿ ಮಾಡಲು ಒಳಗೆ ಹೋದರು.